ಹವ್ಯಾಸಿ ಎಲೆಕ್ಟ್ರಾನಿಕ್ಸ್

ಹವ್ಯಾಸಿ ಎಲೆಕ್ಟ್ರಾನಿಕ್ಸ್ ಎಂದರೆ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ಗಳನ್ನು ಸ್ವಂತ ಆಸಕ್ತಿಯಿಂದ ವಿನ್ಯಾಸಗೊಳಿಸಿ, ಜೋಡಿಸಿ, ಪರೀಕ್ಷಿಸುವ ಚಟುವಟಿಕೆ. ಹಾರ್ಡ್‌ವೇರ್ ಎಂಜಿನಿಯರಿಂಗ್ ವೃತ್ತಿಗೆ ಇದು ಪೂರ್ವಸಿದ್ಧತೆಯಾಗಿಯೂ ಒದಗುತ್ತದೆ. ಕೃಷಿಪ್ರಧಾನವಾದ ಹಾವೇರಿ ಜಿಲ್ಲೆಯಲ್ಲಿ ಇಂತಹ ಪ್ರಯೋಗಗಳಿಗೆ ಬೇಕಾದ ಸಮಸ್ಯೆಗಳು ಹೊಲ ಮತ್ತು ಮಾರುಕಟ್ಟೆಗಳಲ್ಲಿಯೇ ದೊರೆಯುತ್ತವೆ.

ಹಿನ್ನೆಲೆ

ಹ್ಯಾನ್ಸ್ ಕ್ಯಾಮೆನ್‌ಜಿಂಡ್ 1971ರಲ್ಲಿ ವಿನ್ಯಾಸಗೊಳಿಸಿದ 555 ಟೈಮರ್ ಐಸಿ ಇಂದಿಗೂ ಆರಂಭಿಕರ ಪ್ರಯೋಗಗಳಲ್ಲಿ ಬಳಕೆಯಲ್ಲಿದೆ. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ರೂಪುಗೊಂಡ ಆರ್ಡುಯಿನೊ ಫಲಕವು ಮೈಕ್ರೊಕಂಟ್ರೋಲರ್ ಬಳಕೆಯನ್ನು ಶಾಲಾ ವಿದ್ಯಾರ್ಥಿಗಳಿಗೂ ಸುಲಭಗೊಳಿಸಿತು. ಭಾರತದಲ್ಲಿ 2016ರಿಂದ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ಯೋಜನೆಯು 6ರಿಂದ 12ನೆಯ ತರಗತಿಯವರನ್ನು ಉದ್ದೇಶಿಸಿದೆ.

ಮೊದಲ ಪಾಠ ಸಾಮಾನ್ಯವಾಗಿ ಎಲ್‌ಇಡಿ ದೀಪ. 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿಯನ್ನು ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ಎಲ್‌ಇಡಿಯು ಸುಮಾರು 2 ವೋಲ್ಟ್ ಬಳಸುವುದರಿಂದ ಉಳಿದ 7 ವೋಲ್ಟ್‌ಗೆ 470 ಓಮ್ ರೋಧಕವನ್ನಿಟ್ಟರೆ ಸುಮಾರು 15 ಮಿಲಿಆಂಪಿಯರ್ ಹರಿಯುತ್ತದೆ. ಓಮ್‌ನ ನಿಯಮ ಪಠ್ಯದಿಂದ ಕೈಗೆ ಇಳಿಯುವುದು ಇಲ್ಲಿ.

ಹಾವೇರಿ ಜಿಲ್ಲೆಯ ಸಂದರ್ಭ

ಕೃಷಿ ಪಂಪ್‌ಸೆಟ್‌ಗಳಿಗೆ ದೊರೆಯುವ ಮೂರು ಫೇಸ್ ವಿದ್ಯುತ್ತಿನಲ್ಲಿ ಒಂದು ಫೇಸ್ ಕಡಿದರೆ ಉಳಿದೆರಡರ ಮೇಲೆ ಭಾರ ಹೆಚ್ಚಿ ಮೋಟಾರಿನ ಸುರುಳಿ ಸುಡುತ್ತದೆ. ಇದನ್ನು ತಡೆಯುವ ಸಿಂಗಲ್ ಫೇಸ್ ಪ್ರಿವೆಂಟರ್‌ನ ತತ್ತ್ವವನ್ನು ಕಡಿಮೆ ವೋಲ್ಟೇಜಿನ ಮಾದರಿಯಲ್ಲಿಯೇ ಅಭ್ಯಸಿಸಬಹುದು. 415 ವೋಲ್ಟ್‌ನ ಲೈನಿಗೆ ಆರಂಭಿಕರು ಕೈಹಾಕುವುದು ಪ್ರಾಣಾಪಾಯಕರ.

ಇದಕ್ಕಿಂತ ಆಳವಾದ ಸಮಸ್ಯೆ ಬ್ಯಾಡಗಿಯದು. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಗಾಢ ಬಣ್ಣಕ್ಕೂ ಸುಕ್ಕುಗಟ್ಟಿದ ಸಿಪ್ಪೆಗೂ ಪ್ರಸಿದ್ಧ. ಸರಿಯಾಗಿ ಒಣಗದ ಕಾಯಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ತೇವಾಂಶವು ರೈತನ ಆದಾಯಕ್ಕೆ ನೇರವಾಗಿ ಸಂಬಂಧಿಸಿದೆ. ಎರಡು ಲೋಹದ ಫಲಕಗಳ ನಡುವೆ ಕಾಯಿಯನ್ನು ತುಂಬಿ ಕೆಪಾಸಿಟನ್ಸ್ ಅಳೆಯುವ ಸಾಧನವನ್ನು ಕೆಲವೇ ಬಿಡಿಭಾಗಗಳಿಂದ ಜೋಡಿಸಬಹುದು. ಆದರೆ ಅದು ತೋರಿಸುವ ಅಂಕಿಯನ್ನು ಹಾಗೆಯೇ ನಂಬಲಾಗದು. ಕಾಯಿಯನ್ನು ಒತ್ತಿ ತುಂಬಿದರೆ ಒಂದು ಅಂಕಿ, ಸಡಿಲವಾಗಿ ತುಂಬಿದರೆ ಇನ್ನೊಂದು, ಬಿಸಿಲೇರಿದಂತೆ ಮತ್ತೊಂದು. ಹೀಗಾಗಿ ಪ್ರತಿ ಬಾರಿ ಒಂದೇ ತೂಕದ ಮಾದರಿಯನ್ನು ಒಂದೇ ಗಾತ್ರದ ಪಾತ್ರೆಯಲ್ಲಿ ತುಂಬಿ, ಉಷ್ಣತೆಯನ್ನೂ ದಾಖಲಿಸಿ, ಬಳಿಕ ಅದೇ ಮಾದರಿಯನ್ನು ಒಲೆಯಲ್ಲಿ ಪೂರ್ತಿ ಒಣಗಿಸಿ ತೂಗಬೇಕಾಗುತ್ತದೆ. 100 ಗ್ರಾಂ ಕಾಯಿ 88 ಗ್ರಾಂಗೆ ಇಳಿದರೆ ತೇವಾಂಶ ಶೇ 12. ಇಂತಹ ಹತ್ತಾರು ಅಳತೆಗಳ ಪಟ್ಟಿಯಿಲ್ಲದೆ ಸಾಧನವು ಆಟಿಕೆಯಾಗಿಯೇ ಉಳಿಯುತ್ತದೆ. ಹವ್ಯಾಸ ಮತ್ತು ಎಂಜಿನಿಯರಿಂಗ್ ನಡುವಿನ ವ್ಯತ್ಯಾಸ ಹೆಚ್ಚಾಗಿ ಈ ಬೇಸರದ ಕೆಲಸದಲ್ಲಿದೆ.

ಮಣ್ಣಿನ ತೇವಾಂಶ ಅಳೆಯುವ ಅಗ್ಗದ ಎರಡು ಕಡ್ಡಿಯ ಸಂವೇದಕಗಳಿಗೆ ಬೇರೆಯೇ ತೊಂದರೆ: ಸತತವಾಗಿ ವಿದ್ಯುತ್ ಹರಿದರೆ ವಿದ್ಯುದ್ವಿಭಜನೆಯಿಂದ ಕಡ್ಡಿ ಸವೆಯುತ್ತದೆ.

ಶಿಕ್ಷಣ

ಹಾವೇರಿ ಸಮೀಪದ ದೇವಗಿರಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ರಾಣೆಬೆನ್ನೂರಿನಲ್ಲಿ ಶ್ರೀ ತರಳಬಾಳು ಜಗದ್ಗುರು ತಾಂತ್ರಿಕ ಮಹಾವಿದ್ಯಾಲಯವಿದೆ. ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಹುಬ್ಬಳ್ಳಿ–ದಾವಣಗೆರೆ ರೈಲುಮಾರ್ಗದಲ್ಲಿ ಈ ಎರಡು ಊರುಗಳ ನಡುವೆ ಬ್ಯಾಡಗಿ ನಿಲ್ದಾಣ ಬರುತ್ತದೆ. ಎಸ್‌ಎಸ್‌ಎಲ್‌ಸಿ ನಂತರ ಮೂರು ವರ್ಷಗಳ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಮೂಲಕ ಬಿ.ಇ. ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಐಟಿಐನ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿ ಎರಡು ವರ್ಷಗಳದು.

ವೃತ್ತಿಪ್ರವೇಶ

ರಾಜ್ಯದ ಹಾರ್ಡ್‌ವೇರ್ ಉದ್ಯೋಗಗಳು ಬೆಂಗಳೂರಿನಲ್ಲಿ ಕೇಂದ್ರೀಕೃತವಾಗಿವೆ. ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಅಲ್ಲಿ ಸ್ಥಾಪನೆಯಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಅಲ್ಲಿ ಕೇಂದ್ರ ತೆರೆಯಿತು. ಬಿಡಿಭಾಗಗಳ ಪ್ರಮುಖ ಮಾರುಕಟ್ಟೆಯಾದ ಎಸ್.ಪಿ. ರಸ್ತೆಯೂ ಅಲ್ಲಿಯೇ ಇದೆ. ಹೊಸಬರು ಸಾಮಾನ್ಯವಾಗಿ ಪರೀಕ್ಷಣೆ, ಪಿಸಿಬಿ ವಿನ್ಯಾಸ ಅಥವಾ ಎಂಬೆಡೆಡ್ ವಿಭಾಗಗಳಿಂದ ಆರಂಭಿಸುತ್ತಾರೆ.

ಬ್ರೆಡ್‌ಬೋರ್ಡಿನಲ್ಲಿ ಕೆಲಸ ಮಾಡಿದ ಸರ್ಕ್ಯೂಟನ್ನು ಉಚಿತ ತಂತ್ರಾಂಶವಾದ ಕಿಕ್ಯಾಡ್‌ನಲ್ಲಿ ಪಿಸಿಬಿಯಾಗಿ ರೂಪಿಸುವುದು ಉಪಯುಕ್ತ ಮುಂದಿನ ಹಂತ. ಅಂಕಪಟ್ಟಿ ತೋರಿಸದ ಸಾಮರ್ಥ್ಯವನ್ನು ಸಂದರ್ಶನದಲ್ಲಿ ಇಂತಹ ಫಲಕ ತೋರಿಸಬಲ್ಲದು. ಮೊದಲ ಫಲಕ ಏಕೆ ಕೆಲಸ ಮಾಡಲಿಲ್ಲ, ದೋಷವನ್ನು ಮಲ್ಟಿಮೀಟರಿನಿಂದ ಹೇಗೆ ಪತ್ತೆಹಚ್ಚಲಾಯಿತು, ಎರಡನೆಯ ಫಲಕದಲ್ಲಿ ಏನು ಬದಲಾಯಿತು ಎಂಬುದನ್ನು ದಿನಾಂಕಸಹಿತ ಬರೆದಿಟ್ಟ ನೋಟ್‌ಬುಕ್ ಅದರ ಜೊತೆಗಿದ್ದರೆ ಉತ್ತಮ.