ಮಸಿ ಜಾಗ ಬದಲಾಯಿಸಿದ ಕತೆ

ಚಾವಿ ತೆಗೆದ ಮೇಲೂ ಎಂಜಿನ್ ನಾಲ್ಕಾರು ಸಲ ಗುಡುಗುಟ್ಟಿ, ಒದ್ದಾಡಿ ಆಮೇಲೆ ನಿಂತರೆ ಒಳಗೆ ಕಾರ್ಬನ್ ಕೂತಿದೆ ಎಂದೇ ಸಾಮಾನ್ಯವಾಗಿ ಅರ್ಥ. ಅದನ್ನು ಹೇಳಲು ಹಳೆಯ ಮೆಕ್ಯಾನಿಕ್ ಬಾನೆಟ್ ಎತ್ತಬೇಕಿರಲಿಲ್ಲ. ಸಿಲಿಂಡರ್ ಹೆಡ್ಡಿನೊಳಗೆ ಕೆಂಪಗೆ ಕಾದ ಮಸಿಯೇ ಸ್ಪಾರ್ಕ್ ಪ್ಲಗ್ಗಿನ ಕೆಲಸ ಮಾಡುತ್ತಿರುತ್ತಿತ್ತು. ಶಿರಾಡಿ ಘಾಟಿ ಹತ್ತಿ ಹಾಸನದ ನಮ್ಮ ಗ್ಯಾರೇಜಿಗೆ ಬರುತ್ತಿದ್ದ ಅಂಬಾಸಿಡರ್ ಟ್ಯಾಕ್ಸಿಗಳ ಚಾಲಕರ ದೂರು ಹೆಚ್ಚುಕಡಿಮೆ ಒಂದೇ: ಏರಿನಲ್ಲಿ ಟಿಣ್ ಟಿಣ್ ಅಂತ ನಾಕಿಂಗು, ಪಿಕಪ್ ಸತ್ತಿದೆ, ಪೆಟ್ರೋಲ್ ಕುಡಿಯುತ್ತೆ.

ಆಗ ಈ ಮಸಿ ತೆಗೆಯುವ ಡಿಕಾರ್ಬನೈಸಿಂಗ್ ಅನ್ನುವುದನ್ನು ಯಾರೂ ರಿಪೇರಿ ಎಂದು ಎಣಿಸುತ್ತಿರಲಿಲ್ಲ. ಅದೊಂದು ವಾಡಿಕೆ. ಎರಡು ಮಹಾಯುದ್ಧಗಳ ನಡುವಿನ ಇಂಗ್ಲೆಂಡಿನಲ್ಲಿ ಕಾರಿನ ಮಾಲೀಕರು ಕೆಲವು ಸಾವಿರ ಮೈಲಿಗೊಮ್ಮೆ ಹೆಡ್ ಬಿಚ್ಚಿ ಮಸಿ ಕೆರೆಯುತ್ತಿದ್ದರು. ಕಾರಿನ ಜೊತೆ ಕೊಡುತ್ತಿದ್ದ ಕೈಪಿಡಿಯಲ್ಲೇ ಅದರ ಕ್ರಮ ಅಚ್ಚಾಗಿರುತ್ತಿತ್ತು. ಹೆಡ್ ಬಿಚ್ಚದೆ, ಪ್ಲಗ್ಗಿನ ತೂತಿನಿಂದ ಆಮ್ಲಜನಕ ಹಾಯಿಸಿ ಒಳಗಿನ ಮಸಿಯನ್ನು ಸುಟ್ಟು ತೆಗೆಯುವ ವಿದ್ಯೆ 1910ರ ದಶಕದಲ್ಲೇ ಇತ್ತು. 1950ರ ದಶಕದ ಕೊನೆಗೆ ಬಂಗಾಳದ ಉತ್ತರಪಾರಾದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು ನಮ್ಮ ಅಂಬಾಸಿಡರ್ ಆದಾಗ ಈ ಕೆರೆಯುವ ವಾಡಿಕೆಯೂ ಜೊತೆಗೇ ಬಂತು. ನಮ್ಮ ಕಡೆ ಅದು ಹೆಡ್ ಬಿಚ್ಚಿ ಮಾಡುವ ಟಾಪ್ ಓವರಾಲಿನ ಒಂದು ಭಾಗವಾಯಿತು.

ಅಂಬಾಸಿಡರಿನ 1489 ಸಿಸಿ ಎಂಜಿನ್ನಿಗೆ ಬೀಡಿನ ಹೆಡ್ಡು, ಎಂಟು ವಾಲ್ವು. ನಾಲ್ಕು ಸಿಲಿಂಡರಿಗೂ ಪೆಟ್ರೋಲ್ ಬೆರೆತ ಗಾಳಿ ಒಳಬರಲು ಎರಡೇ ಪೋರ್ಟು. ವಾಲ್ವ್ ಗೈಡ್ ಸವೆದರೆ ಮೇಲಿನ ಆಯಿಲ್ ಗೈಡಿನ ಸಂದಿಯಿಂದ ಜಿನುಗಿ, ಒಳಬರುವ ವಾಲ್ವಿನ ಬೆನ್ನ ಮೇಲೆ ಸುಟ್ಟು ಗಟ್ಟಿಯಾಗುತ್ತಿತ್ತು. ವಾಲ್ವ್ ಹೊರತೆಗೆದರೆ ಕಾಂಡದ ಬುಡದಲ್ಲಿ ಕರೀ ಗಂಟು; ಉಗುರಿನಲ್ಲಿ ಒತ್ತಿದರೆ ಮೇಲ್ಪದರ ಪುಡಿಯಾಗುತ್ತಿತ್ತು, ಒಳಪದರ ಕಬ್ಬಿಣಕ್ಕೆ ಕಚ್ಚಿಕೊಂಡಿರುತ್ತಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಮೊಂಡು ಉಳಿಯಿಂದ ಕೆರೆದು, ತಂತಿ ಬ್ರಷ್ಷಿನಲ್ಲಿ ಉಜ್ಜಬೇಕು. ಫಿಯಟ್ 1100, ಅಂದರೆ ಮುಂದೆ ಪದ್ಮಿನಿ ಆದ ಕಾರು, ಬಂದರೆ ಕೈ ಹಗುರವಾಗಬೇಕಿತ್ತು. ಅದರದು ಅಲ್ಯೂಮಿನಿಯಂ ಹೆಡ್ಡು, ಉಕ್ಕಿನ ಉಳಿ ತಾಗಿದರೆ ಗೀರು ಬೀಳುತ್ತಿತ್ತು. ಅದಕ್ಕೆ ಹಿತ್ತಾಳೆ ಪಟ್ಟಿ, ಇಲ್ಲವೇ ಮರದ ಚಕ್ಕೆ.

ಪಿಸ್ಟನ್ನಿನ ತಲೆಯನ್ನು ನಾನು ಥಳಥಳ ಹೊಳೆಯುವ ಹಾಗೆ ಉಜ್ಜಲು ಹೊರಟರೆ ನನ್ನ ಉಸ್ತಾದರು ತಡೆಯುತ್ತಿದ್ದರು. "ಪೂರ್ತಿ ಕೆರೀಬೇಡ ಕಣೋ, ಅಂಚಿನ ಉಂಗುರ ಹಾಗೇ ಬಿಡು. ಇಲ್ಲಾಂದ್ರೆ ನಾಳೆಯಿಂದ ಆಯಿಲ್ ಕುಡಿಯುತ್ತೆ." ಸವೆದ ಬೋರಿನಲ್ಲಿ ಪಿಸ್ಟನ್ ಅಂಚಿನ ಆ ಮಸಿಯೇ ಆಯಿಲ್ ಮೇಲೇರದಂತೆ ತಡೆಯುತ್ತದೆ ಎಂಬುದು ಇಂಗ್ಲೆಂಡಿನ ಕೆಲಸಗಾರರಿಗೂ ಗೊತ್ತಿದ್ದ ಗುಟ್ಟು. ಕೊನೆಗೆ ವಾಲ್ವ್ ಸೀಟಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ರಬ್ಬರ್ ಕಪ್ಪಿನ ಕೋಲನ್ನು ಎರಡು ಅಂಗೈ ನಡುವೆ ಕಡೆಗೋಲಿನ ಹಾಗೆ ತಿರುಗಿಸುವುದು. ಸೀಟಿನ ಸುತ್ತ ಮಾಸಲು ಬೂದು ಬಣ್ಣದ ಗೆರೆ ಎಲ್ಲೂ ಕಡಿಯದೆ ಕಂಡರೆ ಕೆಲಸ ಮುಗಿಯಿತು.

ಅಷ್ಟು ಮಸಿ ಬರುತ್ತಿದ್ದದ್ದಕ್ಕೆ ಎಂಜಿನ್ನಿನಷ್ಟೇ ಪೆಟ್ರೋಲೂ ಹೊಣೆ. ನಾಕಿಂಗ್ ತಡೆಯಲೆಂದು ಬೆರೆಸುತ್ತಿದ್ದ ಸೀಸ 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಕಂಡುಹಿಡಿದ ಮದ್ದು. ಅದು ತನ್ನದೇ ಬೂದಿಯನ್ನು ಹೆಡ್ಡಿನಲ್ಲಿ ಬಿಡುತ್ತಿತ್ತು. ಭಾರತದಲ್ಲಿ ಸೀಸವಿಲ್ಲದ ಪೆಟ್ರೋಲ್ 1995ರಲ್ಲಿ ನಾಲ್ಕು ಮಹಾನಗರಗಳಿಗೆ, 2000ದಲ್ಲಿ ದೇಶಕ್ಕೆಲ್ಲ ಬಂತು. ಇನ್ನೊಂದು ಪಿಡುಗು ಕಲಬೆರಕೆ. ಪಡಿತರದ ಅಗ್ಗದ ಸೀಮೆಎಣ್ಣೆ ಪೆಟ್ರೋಲಿಗೆ ಸೇರಿದರೆ ನಾಕಿಂಗೂ ಹೆಚ್ಚು, ಮಸಿಯೂ ಹೆಚ್ಚು. ಈ ದಂಧೆ ಎಂಜಿನ್ ಕೆಡಿಸುವುದಕ್ಕೇ ನಿಲ್ಲಲಿಲ್ಲ. ನಮ್ಮ ಕೆಜಿಎಫ್‌ನಲ್ಲಿ ಬೆಳೆದ, ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಷಣ್ಮುಗಂ ಉತ್ತರಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆಯ ಬಂಕಿಗೆ ಬೀಗ ಜಡಿದದ್ದಕ್ಕೆ 2005ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದರು.

ಸೀಸ ಹೋಯಿತು, ಕಾರ್ಬೊರೇಟರ್ ಹೋಗಿ ಪೋರ್ಟಿನಲ್ಲೇ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು, ಆಯಿಲ್ ಸುಧಾರಿಸಿತು. ಹೆಡ್ ಬಿಚ್ಚುವ ವಾಡಿಕೆ ನಿಂತಿತು. ಮಸಿ ಮಾತ್ರ ಹೋಗಲಿಲ್ಲ, ಒಳಗಾಳಿಯ ದಾರಿಗೆ ಬಂದು ಕೂತಿತು. ಅದನ್ನು ಅಲ್ಲಿಗೆ ಕರೆತಂದದ್ದು ಹೊಗೆಯ ಕಾನೂನು.

ಹಿಂದೆ ಎಂಜಿನ್ನಿನ ಹೊಟ್ಟೆಯ ಆಯಿಲ್ ಹಬೆ ಒಂದು ಪೈಪಿನಿಂದ ನೇರ ರಸ್ತೆಗೆ ಹೋಗುತ್ತಿತ್ತು. ಲಾಸ್ ಏಂಜಲಿಸ್‌ನ ಹೊಗೆಮಂಜಿನ ಕಾಟಕ್ಕೆ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಆ ಹಬೆಯನ್ನು ಮರಳಿ ಇನ್‌ಟೇಕಿಗೆ ಎಳೆಸಿ ಸುಡತೊಡಗಿದರು. 1970ರ ದಶಕದಲ್ಲಿ ಸೈಲೆನ್ಸರಿಗೆ ಹೋಗುವ ಹೊಗೆಯಲ್ಲೂ ಒಂದಷ್ಟನ್ನು ವಾಪಸು ಒಳಗೆ ಬಿಡುವ ಇಜಿಆರ್ ಬಂತು. ಉರಿಯ ಬಿಸಿ ತಗ್ಗಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವುದು ಅದರ ಉದ್ದೇಶ. ಡೀಸೆಲ್ ಕಾರಿನಲ್ಲಿ ಈ ಎರಡೂ ಒಂದೇ ಕೊಳವೆಯಲ್ಲಿ ಸೇರುತ್ತವೆ: ಅಲ್ಲಿಂದ ಆಯಿಲ್ ಹಬೆ, ಇಲ್ಲಿಂದ ಒಣಮಸಿ. ಲಕ್ಷ ಕಿಲೋಮೀಟರ್ ದಾಟಿದ ಕಾಮನ್ ರೈಲ್ ಡೀಸೆಲ್ ಕಾರಿನ ಮ್ಯಾನಿಫೋಲ್ಡ್ ಬಿಚ್ಚಿದರೆ ಒಳಗೋಡೆಗೆ ಕರೀ ಅಂಟು ಮೆತ್ತಿ ದಾರಿ ಕಿರಿದಾಗಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ.

ಪೆಟ್ರೋಲ್ ಕಾರಿಗೆ ಬಹಳ ಕಾಲ ಒಂದು ಅನುಕೂಲವಿತ್ತು. ಇಂಜೆಕ್ಟರ್ ಪೋರ್ಟಿನಲ್ಲಿದ್ದುದರಿಂದ ಪೆಟ್ರೋಲು ವಾಲ್ವಿನ ಬೆನ್ನನ್ನು ತೊಳೆಯುತ್ತಲೇ ಇತ್ತು. 1996ರಲ್ಲಿ ಮಿತ್ಸುಬಿಷಿಯ ಜಿಡಿಐ ಎಂಜಿನ್ ಬಂದು ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸಿತು. ಆಮೇಲೆ ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. ತೊಳೆಯುವವರಿಲ್ಲದೆ ಅಂಬಾಸಿಡರಿನಲ್ಲಿ ಕಾಣುತ್ತಿದ್ದ ಅದೇ ಕರೀ ಗಂಟು ವಾಲ್ವಿನ ಬೆನ್ನಿಗೆ ಮರಳಿತು. ಇದಕ್ಕೆ ಈಗ ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಯುತ್ತಾರೆ. ಚಿಪ್ಪು ಮಸಿಯನ್ನು ಒಡೆಯುವಷ್ಟು ಗಟ್ಟಿ, ವಾಲ್ವಿಗೆ ಗೀರು ಬೀಳದಷ್ಟು ಮೆದು.

ಸರ್ವಿಸಿಗೆ ಬಿಟ್ಟಾಗಲೆಲ್ಲ ಬಿಲ್ಲಿಗೆ 'ಡಿಕಾರ್ಬ್' ಸೇರಿಸುವುದು ಈಚಿನ ರೂಢಿ. ಹಳೆಯ ಕಾರಿನವರಿಗೆ ನನ್ನ ಮಾತಿಷ್ಟೆ: ಐಡ್ಲಿಂಗ್ ನೆಟ್ಟಗಿದ್ದು ಪಿಕಪ್ ಸರಿ ಇದ್ದರೆ ದುಡ್ಡು ಕೊಡಬೇಡಿ. ಇಲ್ಲವಾದರೆ ಗಾಳಿಯ ಪೈಪ್ ಬಿಚ್ಚಿಸಿ, ಟಾರ್ಚ್ ಹಿಡಿದು ಥ್ರಾಟಲ್ ಬಾಡಿಯನ್ನು ನೀವೇ ನೋಡಿ. ಡೀಸೆಲ್ ಆದರೆ ಇಜಿಆರ್ ವಾಲ್ವ್ ತೆಗೆಸಿ ನೋಡಿ. ಆಯಿಲ್ ಸೋರುವ ಸೀಲ್, ಆಯಿಲ್ ಹಬೆ ಹೋಗುವ, ಕಟ್ಟಿಕೊಂಡ ಬ್ರೀದರ್ ಪೈಪು ಮೊದಲು ಸರಿ ಮಾಡಿಸಿ, ಇಲ್ಲದಿದ್ದರೆ ತೆಗೆದ ಮಸಿ ಮತ್ತೆ ಕೂರುತ್ತದೆ. ಟ್ಯಾಂಕಿಗೆ ಸುರಿಯುವ ಬಾಟಲಿಯ ಔಷಧಿ ಡೀಸೆಲ್ ಕಾರಿನ ಮ್ಯಾನಿಫೋಲ್ಡನ್ನಾಗಲಿ, ನೇರ ಇಂಜೆಕ್ಷನ್ನಿನ ವಾಲ್ವಿನ ಬೆನ್ನನ್ನಾಗಲಿ ಮುಟ್ಟುವುದೇ ಇಲ್ಲ. ಅಲ್ಲಿ ಇಂದಿಗೂ ಬಿಚ್ಚಿ ಕೆರೆಯುವ, ಇಲ್ಲವೇ ಚಿಪ್ಪಿನ ಪುಡಿ ಹೊಡೆಯುವ ಕೈಕೆಲಸವೇ ಗತಿ.