ಪಥವಿಲೀನ ಶಿಸ್ತು

ಎರಡು ಸಾಲುಗಳಲ್ಲಿ ಬರುವ ವಾಹನಗಳು ಒಂದೇ ಸಾಲಿಗೆ ಸೇರುವಾಗ ಚಾಲಕರು ಪಾಲಿಸಬೇಕಾದ ನಿಯಮ ಮತ್ತು ಸೌಜನ್ಯ. ಸರ್ವಿಸ್ ರಸ್ತೆ ಹೆದ್ದಾರಿಗೆ ಕೂಡುವಲ್ಲಿ, ಕಿರಿದಾದ ಸೇತುವೆಯ ಬಾಯಲ್ಲಿ, ದುರಸ್ತಿ ನಡೆದ ಕಡೆ ಇದರ ಅಗತ್ಯ ಬೀಳುತ್ತದೆ.

ನಿಯಮ: ಭಾರತದಲ್ಲಿ 1989ರ ರಸ್ತೆ ನಿಯಮಾವಳಿಯ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಯಮಾವಳಿ ಬಂದಿತು. ಉಪರಸ್ತೆಯಿಂದ ಬರುವವರು ಮುಖ್ಯರಸ್ತೆಯ ವಾಹನಗಳಿಗೆ ದಾರಿ ಬಿಡಬೇಕು. ಮುಖ್ಯರಸ್ತೆಯ ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಆದ್ಯತೆ. ಆಂಬುಲೆನ್ಸಿಗೆ ದಾರಿ ಬಿಡದವರಿಗೆ 2019ರ ತಿದ್ದುಪಡಿಯಂತೆ 10,000 ರೂ. ದಂಡ, 6 ತಿಂಗಳವರೆಗಿನ ಸೆರೆ ಅಥವಾ ಎರಡೂ ಉಂಟು.

ಝಿಪ್ ಕ್ರಮ: ಜಾಕೀಟಿನ ಝಿಪ್ಪಿನ ಹಲ್ಲುಗಳಂತೆ ಆಚೆಯಿಂದ ಒಂದು, ಈಚೆಯಿಂದ ಒಂದು ವಾಹನ ಸರದಿಯಲ್ಲಿ ಸೇರುವ ರೀತಿ. ಜರ್ಮನಿಯಲ್ಲಿ ಇದು ಕಾನೂನು. ನಮ್ಮಲ್ಲಿ ಬಹುಮಟ್ಟಿಗೆ ಸೌಜನ್ಯ.

ಕುರುಂದವಾಡ ಸೀಮೆಯಲ್ಲಿ: ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಈ ಊರು ಕೃಷ್ಣಾ–ಪಂಚಗಂಗಾ ಸಂಗಮದ ಬಳಿಯಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಎತ್ತಿನ ಗಾಡಿಗಳು, ನರಸೋಬವಾಡಿಗೆ ಹೊರಟ ದತ್ತಭಕ್ತರ ವಾಹನಗಳು ಒಂದೇ ರಸ್ತೆಗೆ ಇಳಿಯುತ್ತವೆ. ತಿರುವಿನಲ್ಲಿ ಹಿಂದಿನ ಟ್ರೇಲರ್ ಟ್ರ್ಯಾಕ್ಟರಿನ ಜಾಡು ಬಿಟ್ಟು ಒಳಮಗ್ಗುಲಿಗೆ ಸರಿಯುತ್ತದೆ; ಹೇರಿದ ಕಬ್ಬಿನ ತುದಿಗಳು ಪಕ್ಕಕ್ಕೆ ಚಾಚಿರುತ್ತವೆ. ಆ ಸಂದಿಯಲ್ಲಿ ಬೈಕ್ ತೂರಿಸುವುದು ಅಪಾಯ. ತುಂಬಿದ ಟ್ರೇಲರು ಥಟ್ಟನೆ ನಿಲ್ಲದು. ಆದ್ದರಿಂದ ಹಗುರ ವಾಹನದವರೇ ಮೊದಲು ವೇಗ ತಗ್ಗಿಸಿ ದಾರಿ ಕೊಡುವುದು ಕ್ಷೇಮ.