ಮೆತ್ತೆ ಹೊತ್ತ ಮೇಷ್ಟ್ರು

2020ರ ಮಾರ್ಚ್ 24. ರಾತ್ರಿ 8 ಗಂಟೆಗೆ ಘೋಷಣೆ, 12ಕ್ಕೆ ಇಡೀ ದೇಶಕ್ಕೇ ಬೀಗ. ಸುದ್ದಿಗೆ ಮಾತ್ರ ರಜೆ ಇರಲಿಲ್ಲ. ಕೆಲವು ವಾರ ನಾನು ಮನೆಯಿಂದಲೇ ವಾಯ್ಸ್ ಓವರ್ ಕಳಿಸಬೇಕಾಯ್ತು. ಮೊದಲ ದಿನವೇ ನಮ್ಮ ಆಡಿಯೋ ಹುಡುಗ ಫೋನ್ ಮಾಡಿದ. "ಸಾರ್, ಬಾತ್‌ರೂಮಲ್ಲಿ ಕೂತು ಓದಿದ್ರಾ?"

ಸಿಟ್ಟು ಬಂತು. ತಪ್ಪು ಮೈಕಿನದ್ದೇ ಅಂದುಕೊಂಡೆ. ಮೇಲಿನ ಫ್ಲಾಟಿನ ಗೆಳೆಯನಿಂದ ದುಬಾರಿ ಕಂಡೆನ್ಸರ್ ಮೈಕ್ ಕಡ ತಂದೆ. ಇನ್ನೂ ಕೆಟ್ಟಿತು! ಸೂಕ್ಷ್ಮವಾದ ಮೈಕ್ ನೋಡಿ, ನನ್ನ ದನಿಯ ಜತೆಗೆ ಗೋಡೆಯ ಪ್ರತಿಧ್ವನಿ, ಫ್ಯಾನಿನ ಗರಗರ, ಪಕ್ಕದ ಮನೆಯ ಕುಕ್ಕರ್ ಸೀಟಿ ಎಲ್ಲವನ್ನೂ ಹಿಡಿದುಕೊಂಡಿತ್ತು.

ಆಗ ನೆನಪಾದವರು ವಾಲೇಸ್ ಕ್ಲೆಮೆಂಟ್ ಸೇಬೈನ್. ಇಂಜಿನಿಯರಿಂಗ್ ಓದುವಾಗ ಇವರ ಸೂತ್ರ ಉರು ಹೊಡೆದು ಮಾರ್ಕ್ಸ್ ತಗೊಂಡಿದ್ದೆ. ಕಥೆ ಮಾತ್ರ ಮರೆತಿದ್ದೆ.

1895. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನಲ್ಲಿ ಹೊಸ ಉಪನ್ಯಾಸ ಕೊಠಡಿ ಎದ್ದಿತ್ತು. ನೋಡೋಕೆ ಭರ್ಜರಿ, ಕೇಳೋಕೆ ನರಕ. ಆಡಿದ ಮಾತು ಸುಮಾರು 5.5 ಸೆಕೆಂಡ್ ಕೊಠಡಿಯಲ್ಲೇ ಗುಂಯ್‌ಗುಡುತ್ತಿತ್ತು. ಒಂದು ವಾಕ್ಯ ಸಾಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತಿತ್ತು. ಇದನ್ನು ಸರಿಮಾಡುವ ಕೆಲಸ ಭೌತಶಾಸ್ತ್ರದ ಯುವ ಮೇಷ್ಟ್ರು ಸೇಬೈನ್ ಹೆಗಲಿಗೆ ಬಿತ್ತು.

ಅವರ ಹತ್ತಿರ ಇದ್ದದ್ದು ಒಂದು ಆರ್ಗನ್ ಕೊಳವೆ, ಒಂದು ಸ್ಟಾಪ್‌ವಾಚ್, ಮತ್ತೆ ತಮ್ಮದೇ ಕಿವಿ. ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಸೀಟಿನ ಮೆತ್ತೆಗಳನ್ನು ಹೊತ್ತು ತರುತ್ತಿದ್ದರು. ಕೊಳವೆ ಊದಿಸಿ, ಸದ್ದು ಸಾಯಲು ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ಮೆತ್ತೆ ವಾಪಸ್. ಮೆತ್ತೆ ಹೆಚ್ಚಿದಂತೆ ಅನುರಣನ ಇಳಿಯಿತು. ಕೋಣೆಯ ಗಾತ್ರಕ್ಕೂ ಸದ್ದು ಹೀರುವ ವಸ್ತುಗಳಿಗೂ ಇರುವ ಲೆಕ್ಕ ಕೈಗೆ ಸಿಕ್ಕಿತು. ಅದೇ ಲೆಕ್ಕದ ಮೇಲೆ 1900ರಲ್ಲಿ ಬಾಸ್ಟನ್ನಿನ ಸಿಂಫನಿ ಹಾಲ್ ತೆರೆಯಿತು. ಇವತ್ತಿಗೂ ಅದು ಸಂಗೀತಗಾರರ ಕಣ್ಮಣಿ.

ಮೈಕ್ ವಾಪಸ್ ಕೊಟ್ಟೆ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ದಪ್ಪ ರಗ್ಗು ಕಟ್ಟಿದೆ. ಫ್ಯಾನ್, ಫ್ರಿಜ್ ಬಂದ್. ಮೈಕಿಗೂ ಬಾಯಿಗೂ ಒಂದು ಗೇಣು, ಮೈಕ್ ಸ್ವಲ್ಪ ಓರೆಗೆ. ಇಲ್ಲದಿದ್ದರೆ ಪ, ಫ ಅಂದಾಗೆಲ್ಲ ಗಾಳಿ ಬಡಿಯುತ್ತೆ. ಆಮೇಲೆ 10 ಸೆಕೆಂಡ್ ಸುಮ್ಮನೆ ಕೂತು ಬರೀ ಮೌನ ರೆಕಾರ್ಡ್ ಮಾಡಿದೆ. ಆಡಿಬಲ್‌ನ ಎಸಿಎಕ್ಸ್ ಆಡಿಯೋ ಪುಸ್ತಕಗಳಿಗೆ ಕೇಳುವ ಮಟ್ಟ ಗೊತ್ತಾ? ಹಿನ್ನೆಲೆ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ದನಿಯ ಶಿಖರ ಮೈನಸ್ 3 ದಾಟಬಾರದು. ನನ್ನ ಹಳೇ ಮೈಕಿನಲ್ಲೇ ಅದು ಬಂತು. ಆಡಿಯೋ ಹುಡುಗ ಕೇಳಿದ, "ಸಾರ್, ಸ್ಟುಡಿಯೋಗೆ ಹೋಗಿದ್ರಾ?"

ಮನೆಯಿಂದ ಬಂದ ದನಿ ಅಂದ್ರೆ ಕೀಳು ಅನ್ನೋರಿಗೆ ನಮ್ಮ ಮೈಸೂರೇ ಉತ್ತರ ಕೊಟ್ಟಿದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಟ್ರಾನ್ಸ್‌ಮಿಟರ್ 30 ವ್ಯಾಟಿನದು. ಅಡುಗೆಮನೆಯ ಮಿಕ್ಸಿಗೂ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು! ಆ ಕೇಂದ್ರದ ಹೆಸರು ಆಕಾಶವಾಣಿ. ಮುಂದೆ ದೇಶದ ರೇಡಿಯೋಗೇ ಅದು ಹೆಸರಾಯಿತು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಇದೆ. ಲಾಕ್‌ಡೌನ್‌ಗೆ ಮುಂಚೆ ಉತ್ತರ ಕರ್ನಾಟಕದ ಹುಡುಗಿಯೊಬ್ಬಳು ಕೆಲಸ ಕೇಳಿ ವಾಯ್ಸ್ ಸ್ಯಾಂಪಲ್ ಕಳಿಸಿದ್ದಳು. 10 ಸೆಕೆಂಡ್ ಕೇಳಿದೆ, ಪ್ರೊಫೆಷನಲ್ ಅಲ್ಲ ಅಂತ ಪಕ್ಕಕ್ಕಿಟ್ಟೆ. ಬೀರುವಿನ ಮುಂದೆ ಕೂತ ಮೇಲೆ ಅದನ್ನು ಹುಡುಕಿ ಪೂರ್ತಿ ಕೇಳಿದೆ. ದನಿ ಚೊಕ್ಕವಾಗಿತ್ತು. ನಾನು ತಿರಸ್ಕರಿಸಿದ್ದು ಅವಳ ಮನೆಯ ಗೋಡೆಗಳನ್ನ.

ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ, ಆಮೇಲೆ ಸೇಬೈನ್ ಮೇಷ್ಟ್ರ ಮೆತ್ತೆ ಕಥೆ ಹೇಳಿದೆ. ಆ ಕಡೆಯಿಂದ ನಗು ಕೇಳಿಸಿತು.

"ನಮ್ಮ ಮನ್ಯಾಗ ಅವ್ವ ಹೊಲಿದ ಕೌದಿ ಬೇಕಾದಷ್ಟ ಅದಾವ್ರೀ ಸರ. ನಾಳೆ ಕಳಸ್ತೀನಿ."